ತಂತ್ರಾಂಶ ಆರಿಸುವ ಮುನ್ನ ಒಂದು ಪುಟ ಓದಿ

ಗ್ರಂಥಾಲಯದ ನನ್ನ ಮೇಜಿನ ಮುಂದೆ ಎರಡನೆಯ ವರ್ಷದ ಇತಿಹಾಸ ವಿದ್ಯಾರ್ಥಿನಿಯೊಬ್ಬಳು ಚೀಟಿ ಹಿಡಿದು ನಿಂತಿದ್ದಳು. ಅದರಲ್ಲಿ ಓದು ಬರಹಕ್ಕೆ ನೆರವಾಗುವ ಮೂರು ತಂತ್ರಾಂಶಗಳ ಹೆಸರಿತ್ತು. “ಮೇಡಂ, ಇವುಗಳಲ್ಲಿ ಯಾವುದು ಒಳ್ಳೆಯದು? ಅಪ್ಪ ಕೊಡಿಸುತ್ತೇನೆ ಎಂದಿದ್ದಾರೆ.” ಚೀಟಿಯನ್ನು ಪಕ್ಕಕ್ಕಿಟ್ಟು ಕುರ್ಚಿ ಎಳೆದುಕೊಟ್ಟೆ. ಆ ವಾರ ಅವಳು ಓದಲೇಬೇಕಾಗಿದ್ದ ಲೇಖನವನ್ನು ತೆರೆಸಿ, ಒಂದು ಪುಟ ಗಟ್ಟಿಯಾಗಿ ಓದಲು ಹೇಳಿದೆ.

ಮೊದಲ ಎರಡು ಸಾಲು ಸರಾಗವಾಗಿ ಹೋದವು. ಮೂರನೆಯ ಸಾಲಿನ ಕೊನೆ ಮುಟ್ಟಿ ಎಡಕ್ಕೆ ಮರಳಿದ ಕಣ್ಣು ಮತ್ತೆ ಅದೇ ಸಾಲಿಗೆ ಬಂದು ನಿಂತಿತು. ಅರ್ಧ ಓದಿದ ಮೇಲೆ ಅವಳಿಗೇ ತಿಳಿದು, ತಡವರಿಸಿ, ಕೆಳಗಿನ ಸಾಲು ಹುಡುಕಿದಳು. ಏಳನೆಯ ಸಾಲಿನ ಹೊತ್ತಿಗೆ ತೋರುಬೆರಳು ತಾನಾಗಿ ಪರದೆಯ ಮೇಲೆ ಬಂದಿತ್ತು. ಪದಗಳನ್ನು ಅವಳು ಸರಿಯಾಗಿಯೇ ಓದುತ್ತಿದ್ದಳು, ಸಾಲು ಮಾತ್ರ ತಪ್ಪುತ್ತಿತ್ತು. ಒಮ್ಮೆಗೆ ಮೂರು ಸಾಲನ್ನಷ್ಟೇ ತೋರಿಸಿ ಉಳಿದದ್ದನ್ನು ಮಬ್ಬಾಗಿಸುವ ಸೌಲಭ್ಯ ಅವಳಿಗೆ ಬೇಕಾಗಿತ್ತು. ಅದು ಅವಳ ಲ್ಯಾಪ್‌ಟಾಪಿನ ವರ್ಡ್‌ನಲ್ಲೇ, ಇಮ್ಮರ್ಸಿವ್ ರೀಡರ್ ಎಂಬ ಹೆಸರಿನಲ್ಲಿ, ಯಾರೂ ಮುಟ್ಟದೆ ಕುಳಿತಿತ್ತು.

ಓದು ಬರಹದಲ್ಲಿ ಕಷ್ಟಪಡುವ ವಿದ್ಯಾರ್ಥಿಗಳ ಜೊತೆ 11 ವರ್ಷ ಕುಳಿತಿದ್ದೇನೆ. ಡಿಸ್ಲೆಕ್ಸಿಯಾ (ಬುದ್ಧಿ ಚುರುಕಾಗಿದ್ದರೂ ಪದಗಳನ್ನು ಓದುವುದು, ಬರೆಯುವುದು ಕಷ್ಟವಾಗುವ ತೊಡಕು) ಇರುವವರು, ದೃಷ್ಟಿ ಕಡಿಮೆ ಇರುವವರು, ಪೂರ್ತಿ ಕಣ್ಣು ಕಾಣದವರು, ಗಮನ ನಿಲ್ಲದವರು, ಕೈ ನೋವಿನಿಂದ ಅರ್ಧ ಪುಟವೂ ಬರೆಯಲಾಗದವರು. “ಯಾವ ತಂತ್ರಾಂಶ?” ಎಂದು ಕೇಳಿದ ಪ್ರತಿಯೊಬ್ಬರಿಗೂ ನಾನು ಮಾಡಿಸುವ ಮೊದಲ ಕೆಲಸ ಇದೇ, ಒಂದು ಪುಟದ ಓದು. ಓದು ಯಾವ ಜಾಗದಲ್ಲಿ ಮುಗ್ಗರಿಸುತ್ತದೆ ಎಂದು ಗೊತ್ತಾಗುವವರೆಗೆ ಹಣ ಖರ್ಚು ಮಾಡಲು ಬಿಡುವುದಿಲ್ಲ.

ನೀವೂ ಹೀಗೆ ಮಾಡಿ. ಸುಲಭದ ಪುಟ ಬೇಡ, ನಿಮ್ಮನ್ನು ಅತಿ ಹೆಚ್ಚು ಕಾಡಿದ ಪುಟವನ್ನೇ ತೆಗೆದುಕೊಳ್ಳಿ. ಸ್ನೇಹಿತರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದು ನಿಮಿಷ ಗಟ್ಟಿಯಾಗಿ ಓದಿ. ಎಲ್ಲಿ ನಿಂತಿರಿ, ಎಲ್ಲಿ ಹಿಂದಕ್ಕೆ ಹೋದಿರಿ, ಕಣ್ಣು ಯಾವಾಗ ಉಜ್ಜಿಕೊಂಡಿರಿ ಎಂದು ಅವರು ಗುರುತು ಹಾಕಲಿ. ಆಮೇಲೆ ಪುಟ ಮುಚ್ಚಿ, ಓದಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ. ಮುಂದಿನ ಪುಟವನ್ನು ಅವರು ಓದಲಿ, ನೀವು ಕೇಳಿ, ಮತ್ತೆ ಹೇಳಿ. ಕೇಳಿದ್ದು ಅರ್ಥವಾಗಿ ಓದಿದ್ದು ಅರ್ಥವಾಗದಿದ್ದರೆ ಓದಿ ಹೇಳುವ ತಂತ್ರಾಂಶ ನಿಮಗೆ ದೊಡ್ಡ ಆಸರೆಯಾಗುತ್ತದೆ. ಎರಡೂ ಅರ್ಥವಾಗದಿದ್ದರೆ ತೊಡಕು ವಿಷಯದಲ್ಲೋ ಪಾರಿಭಾಷಿಕ ಪದಗಳಲ್ಲೋ ಇದೆ. ಅಲ್ಲಿ ಅಧ್ಯಾಪಕರ ಹತ್ತಿರ ಅರ್ಧ ಗಂಟೆ ಕೂರುವುದು ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅರ್ಥವಾಗುತ್ತದೆ, ಆದರೆ ಹದಿನೈದು ನಿಮಿಷಕ್ಕೆ ಕಣ್ಣು ಸೋಲುತ್ತದೆ ಎಂದಾದರೆ ಅಕ್ಷರದ ಗಾತ್ರ, ಸಾಲಿನ ಅಂತರ, ಹಿನ್ನೆಲೆಯ ಬಣ್ಣ ಬದಲಿಸಲು ಬಿಡುವಂಥದು ಬೇಕು.

ಬರಹಕ್ಕೂ ಇಂಥದೇ ಪರೀಕ್ಷೆ. ಒಂದು ಪ್ರಶ್ನೆಗೆ ಎರಡು ನಿಮಿಷ ಬಾಯಲ್ಲಿ ಉತ್ತರ ಹೇಳಿ, ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಅದೇ ಉತ್ತರವನ್ನು ಹತ್ತು ನಿಮಿಷ ಬರೆಯಿರಿ. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಯೋಚನೆ ಎಲ್ಲಿ ಸೋರಿಹೋಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಜಾಯ್ ಜಬಾಲಾ ಎಂಬ ಅಮೆರಿಕದ ಶಿಕ್ಷಣತಜ್ಞೆ ರೂಪಿಸಿದ ‘ಸೆಟ್’ ಎಂಬ ಚೌಕಟ್ಟೂ ಇದನ್ನೇ ಹೇಳುತ್ತದೆ. ಮೊದಲು ವಿದ್ಯಾರ್ಥಿ, ಆಮೇಲೆ ಪರಿಸರ, ಆಮೇಲೆ ಮಾಡಬೇಕಾದ ಕೆಲಸ, ಸಲಕರಣೆಯ ಮಾತು ಕಡೆಗೆ.

ಈಗ ನನ್ನ ಮೇಜಿನ ಮುಂದೆ ಅತಿ ಹೆಚ್ಚು ಕಣ್ಣೀರು ಹಾಕಿಸಿದ ಸಂಗತಿಗೆ ಬರುತ್ತೇನೆ. ಅದು ಕಡತ. ತಂತ್ರಾಂಶ ಕೆಲಸ ಮಾಡುತ್ತಿಲ್ಲ ಎಂದು ಬರುವವರಲ್ಲಿ ಬಹುಪಾಲು ಮಂದಿಯ ತಂತ್ರಾಂಶ ಚೆನ್ನಾಗಿಯೇ ಇರುತ್ತದೆ, ಕಡತದಲ್ಲಿ ಅಕ್ಷರವೇ ಇರುವುದಿಲ್ಲ. ಅಧ್ಯಾಪಕರು ಪುಸ್ತಕದ ಅಧ್ಯಾಯವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಕಳುಹಿಸಿರುತ್ತಾರೆ. ನಮ್ಮ ಕಣ್ಣಿಗೆ ಅದು ಬರಹ, ಕಂಪ್ಯೂಟರಿಗೆ ಒಂದು ಚಿತ್ರ. ಪತ್ತೆಹಚ್ಚುವುದು ಸುಲಭ. ಮೌಸ್ ಹಿಡಿದು ಒಂದು ಸಾಲನ್ನು ಆಯ್ಕೆ ಮಾಡಿ ನೋಡಿ. ಸಾಲು ನೀಲಿಯಾದರೆ ಅಕ್ಷರವಿದೆ. ಇಡೀ ಪುಟ ಒಂದೇ ಚೌಕವಾಗಿ ಹಿಡಿದುಕೊಂಡರೆ, ಅಥವಾ ಏನೂ ಆಗದಿದ್ದರೆ, ಅದು ಚಿತ್ರ. ಚಿತ್ರದಿಂದ ಅಕ್ಷರ ತೆಗೆಯುವ ಕೆಲಸಕ್ಕೆ ಓಸಿಆರ್ ಎನ್ನುತ್ತಾರೆ. ಗೂಗಲ್ ಡ್ರೈವ್‌ಗೆ ಪಿಡಿಎಫ್ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದೇ ಈ ಕೆಲಸ ಮಾಡಿಕೊಡುತ್ತದೆ, ಕನ್ನಡಕ್ಕೂ ಮಾಡುತ್ತದೆ. ಉಚಿತವಾಗಿ ಸಿಗುವ ಟೆಸರಾಕ್ಟ್ ಎಂಬ ಓಸಿಆರ್‌ಗೂ ಕನ್ನಡ ಬರುತ್ತದೆ. ಪುಟ ಓರೆಯಾಗಿದ್ದರೆ, ಮಡಿಕೆಯ ನೆರಳು ಬಿದ್ದಿದ್ದರೆ, ಎರಡು ಪುಟ ಒಟ್ಟಿಗೆ ಇದ್ದರೆ ತಪ್ಪು ಹೆಚ್ಚು. ನೇರವಾಗಿ, ಒಂದೊಂದೇ ಪುಟವಾಗಿ ಮತ್ತೆ ಸ್ಕ್ಯಾನ್ ಮಾಡಿಸಿಕೊಳ್ಳುವುದೇ ಅನೇಕ ಬಾರಿ ಅತಿ ದೊಡ್ಡ ಸುಧಾರಣೆ.

ಕನ್ನಡ ಕಡತಗಳಿಗೆ ಇನ್ನೊಂದು ತೊಡಕಿದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲಿನ ‘ನುಡಿ’, ‘ಬರಹ’ ಎಂಬ ಅಕ್ಷರಶೈಲಿಗಳಲ್ಲಿ ಕನ್ನಡದ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗುತ್ತಿತ್ತು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ. ಓದಿ ಹೇಳುವ ತಂತ್ರಾಂಶ ಮಾತ್ರ ಹಿಂದಿರುವ ಇಂಗ್ಲಿಷ್ ಅಕ್ಷರಗಳ ರಾಶಿಯನ್ನು ಬಡಬಡಿಸುತ್ತದೆ. ಮೊದಲ ಬಾರಿಗೆ ಅದನ್ನು ಕೇಳಿದ ಹುಡುಗನೊಬ್ಬ ತನ್ನ ಕಂಪ್ಯೂಟರೇ ಕೆಟ್ಟಿತು ಎಂದು ಹೆದರಿದ್ದ. ಒಂದು ವಾಕ್ಯವನ್ನು ನಕಲಿಸಿ ಮೊಬೈಲಿನ ಸಂದೇಶದಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಸರಿ, ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಬಂದರೆ ಹಳೆಯ ಅಕ್ಷರಶೈಲಿ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತನ್ನೂ ಒತ್ತಕ್ಷರಗಳನ್ನೂ ಒಮ್ಮೆ ನೋಡಿಕೊಳ್ಳಿ, ಜಾರುವುದು ಅಲ್ಲಿಯೇ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಕನ್ನಡವೂ ಪಿಡಿಎಫ್ ಆದ ಮೇಲೆ ಕೆಲವೊಮ್ಮೆ ಒತ್ತಕ್ಷರ ಕಳೆದುಕೊಳ್ಳುತ್ತದೆ. ಹೀಗಾಗಿ ಅಧ್ಯಾಪಕರನ್ನು ಮೂಲ ವರ್ಡ್ ಕಡತವನ್ನೇ ಕೇಳಿ. ಸಂಕೋಚ ಬೇಡ. ವಿಷಯ ವಿವರಿಸಿ ಕೇಳಿದಾಗ ಕೊಡದ ಅಧ್ಯಾಪಕರನ್ನು ನಾನು ಕಂಡದ್ದು ಕಡಿಮೆ. ಹೆಚ್ಚಿನವರಿಗೆ ಇಂಥ ತೊಂದರೆ ಇದೆ ಎಂಬುದೇ ಗೊತ್ತಿರುವುದಿಲ್ಲ.

ಕಡತ ಸರಿಯಾದ ಮೇಲೆ ನಿಮ್ಮ ಯಂತ್ರದಲ್ಲಿ ಈಗಾಗಲೇ ಏನಿದೆ ಎಂದು ಹುಡುಕಿ. 1976ರಲ್ಲಿ ಅಮೆರಿಕದ ಸಂಶೋಧಕ ರೇ ಕರ್ಜ್‌ವೈಲ್ ಮುದ್ರಿತ ಪುಟವನ್ನು ಗಟ್ಟಿಯಾಗಿ ಓದುವ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಅದು ಇಡೀ ಮೇಜನ್ನು ಆವರಿಸುತ್ತಿತ್ತು. ಇಂದು ಆ ಕೆಲಸ ಜೇಬಿನೊಳಗಿನ ಮೊಬೈಲಿನಲ್ಲಿದೆ. ಆಂಡ್ರಾಯ್ಡ್‌ನಲ್ಲಿ ಸೆಲೆಕ್ಟ್ ಟು ಸ್ಪೀಕ್ ಎಂಬ ಸೌಲಭ್ಯವಿದೆ. ಐಫೋನಿನಲ್ಲಿ ಸ್ಪೀಕ್ ಸ್ಕ್ರೀನ್ ಅನ್ನು ಸಕ್ರಿಯಗೊಳಿಸಿ, ಎರಡು ಬೆರಳನ್ನು ಪರದೆಯ ಮೇಲಿನಿಂದ ಕೆಳಕ್ಕೆ ಎಳೆದರೆ ಓದತೊಡಗುತ್ತದೆ. ವಿಂಡೋಸ್‌ನಲ್ಲಿ ಎಡ್ಜ್ ಬ್ರೌಸರಿನಲ್ಲಿ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ. ಓದುವ ಪದ ಬೆಳಗುತ್ತಾ ಹೋಗುತ್ತದೆ, ಪಿಡಿಎಫ್ ಆದರೂ ಸರಿ. ಇದರಲ್ಲಿ ಸಪ್ನಾ, ಗಗನ್ ಎಂಬ ಎರಡು ಕನ್ನಡ ಧ್ವನಿಗಳಿವೆ. ಅಂತರ್ಜಾಲ ಇದ್ದಾಗ ಮಾತ್ರ ಅವು ಬರುತ್ತವೆ ಎಂಬುದು ನೆನಪಿರಲಿ.

ಓದಿ ಹೇಳುವ ತಂತ್ರಾಂಶವೂ ಸ್ಕ್ರೀನ್ ರೀಡರೂ ಒಂದೇ ಎಂದು ತಿಳಿದು ಅನೇಕರು ತೊಂದರೆಪಡುತ್ತಾರೆ. ಮೊದಲನೆಯದು ನೀವು ತೋರಿಸಿದ ಬರಹವನ್ನು ಓದುತ್ತದೆ, ಅದನ್ನು ತೋರಿಸಲು ಕಣ್ಣು ಬೇಕು. ಸ್ಕ್ರೀನ್ ರೀಡರ್ ಗುಂಡಿ, ಪಟ್ಟಿ, ಶೀರ್ಷಿಕೆ, ಕೊಂಡಿ ಹೀಗೆ ಪರದೆಯ ಮೇಲಿರುವ ಎಲ್ಲವನ್ನೂ ಹೇಳುತ್ತದೆ. ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಇಡೀ ಕಂಪ್ಯೂಟರ್ ನಡೆಸುವವರಿಗೆ ಅದು. ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಗೆ ಸ್ಕ್ರೀನ್ ರೀಡರ್ ಹಾಕಿಕೊಟ್ಟರೆ ಅದರ ಎಡೆಬಿಡದ ಮಾತಿಗೆ ತಲೆ ಚಿಟ್ಟುಹಿಡಿಯುತ್ತದೆ. ಕಣ್ಣು ಕಾಣದವರಿಗೆ ಬರೀ ಓದಿ ಹೇಳುವ ತಂತ್ರಾಂಶ ಕೊಟ್ಟರೆ ಕಡತ ತೆರೆಯುವುದಕ್ಕೇ ಇನ್ನೊಬ್ಬರ ಕೈ ಕಾಯಬೇಕು. ಸ್ಕ್ರೀನ್ ರೀಡರ್ ಬೇಕಾದವರಿಗೆ ನಾನು ಮೊದಲು ಹೇಳುವುದು ಎನ್‌ವಿಡಿಎ. ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಎಂಬ, ತಾವೇ ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯದ ಗೆಳೆಯರು ಬೆಳೆಸಿದ ತಂತ್ರಾಂಶ ಅದು. 2006ರಲ್ಲಿ ಆರಂಭವಾಯಿತು, ಇಂದಿಗೂ ಉಚಿತ. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ಯಂತ್ರದ ಧ್ವನಿ, ಮೊದಲ ದಿನ ಕಿವಿಗೆ ಒರಟು. ಆದರೆ ವೇಗ ಹೆಚ್ಚಿಸಿದರೂ ಉಚ್ಚಾರ ಕದಡುವುದಿಲ್ಲ, ಬಹುಕಾಲದ ಬಳಕೆದಾರರು ಅದನ್ನೇ ಹಿಡಿದುಕೊಳ್ಳಲು ಇದೂ ಒಂದು ಕಾರಣ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಹಣ ಕೊಟ್ಟು ಕೊಳ್ಳುವಂಥದು, 1989ರಿಂದಲೂ ಇದೆ. ಕಾಲೇಜಿನಲ್ಲಿ ಅದರ ಪರವಾನಗಿ ಇದ್ದರೆ ಕಲಿಯಿರಿ. ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಒಳಗೇ ಇದೆ.

ಧ್ವನಿಯನ್ನು ಎರಡು ವಾಕ್ಯ ಕೇಳಿ ಒಪ್ಪಬೇಡಿ, ಬಿಡಲೂ ಬೇಡಿ. ಅರ್ಧ ಗಂಟೆ ಕೇಳಿ. ನಿಮ್ಮ ವಿಷಯದ ಪುಟವನ್ನೇ ಕೇಳಿ, ಏಕೆಂದರೆ ತೊಡಕು ಬರುವುದು ಇಸವಿಗಳಲ್ಲಿ, ಸಂಕ್ಷೇಪಾಕ್ಷರಗಳಲ್ಲಿ, ಕನ್ನಡ ವಾಕ್ಯದ ನಡುವೆ ಬರುವ ಇಂಗ್ಲಿಷ್ ಪದಗಳಲ್ಲಿ. ಕೆಲವು ಧ್ವನಿಗಳು ಆ ಪದಗಳನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿ ವಾಕ್ಯದ ನಡೆಯನ್ನೇ ಮುರಿಯುತ್ತವೆ. ವೇಗವನ್ನು ಮೊದಲ ವಾರ ಸಹಜವಾಗಿಯೇ ಇಡಿ. ಆಮೇಲೆ ಒಂದೊಂದೇ ಮೆಟ್ಟಿಲು ಏರಿಸಿ, ಅರ್ಥ ತಪ್ಪತೊಡಗಿದಾಗ ಒಂದು ಮೆಟ್ಟಿಲು ಇಳಿಸಿ. ಸಾಧ್ಯವಾದವರು ಕಣ್ಣು ಕಿವಿ ಎರಡನ್ನೂ ಸೇರಿಸಿ ಓದಬೇಕು, ಬೆಳಗುವ ಪದದ ಹಿಂದೆ ಕಣ್ಣು ಹೋಗಲಿ. ಬರೀ ಕೇಳುವಾಗ ಮನಸ್ಸು ಅಲೆಯುತ್ತದೆ ಎನ್ನುವವರಿಗೆ ಇದು ಹಿಡಿದುಕೊಳ್ಳಲು ಒಂದು ಹಗ್ಗದಂತೆ.

ಡಿಸ್ಲೆಕ್ಸಿಯಾಕ್ಕೆಂದೇ ಮಾಡಿದ ಅಕ್ಷರಶೈಲಿಗಳ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಓಪನ್‌ಡಿಸ್ಲೆಕ್ಸಿಕ್ ಅಂಥದೊಂದು, ಉಚಿತ. ಅದರಿಂದ ಓದಿನ ವೇಗ ಹೆಚ್ಚುತ್ತದೆ ಎಂಬುದಕ್ಕೆ ಸಂಶೋಧನೆಯಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಅಕ್ಷರಗಳ ನಡುವಿನ ಅಂತರದ ವಿಷಯದಲ್ಲಿ ಆಧಾರವಿದೆ. ಡಿಸ್ಲೆಕ್ಸಿಯಾ ಇರುವ ಇಟಾಲಿಯನ್ ಮತ್ತು ಫ್ರೆಂಚ್ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಂತರ ಹೆಚ್ಚಿಸಿದ ಬರಹವನ್ನು ಅವರು ಬೇಗ ಓದಿದರು, ತಪ್ಪೂ ಕಡಿಮೆಯಾಯಿತು. ಆದ್ದರಿಂದ ತಂತ್ರಾಂಶದಲ್ಲಿ ಅಂತರ ಬದಲಿಸಲು ಬರುತ್ತದೆಯೇ ಎಂದು ನೋಡಿ. ಅಕ್ಷರಶೈಲಿ ನಿಮಗೆ ಹಿತವೆನಿಸಿದರೆ ಬಳಸಿ, ಅದಕ್ಕಾಗಿ ಹಣ ಕೊಡಬೇಡಿ.

ಬರಹದ ಕಡೆ ಬಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಧ್ವನಿ ಟೈಪಿಂಗ್ ಕಡೆಗೆ. ಗೂಗಲ್ ಡಾಕ್ಸ್‌ನಲ್ಲಿ ಕ್ರೋಮ್ ಬ್ರೌಸರಿನ ಮೂಲಕ ಕನ್ನಡದಲ್ಲೇ ಹೇಳಿ ಬರೆಸಬಹುದು. ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿಯ ಜೊತೆ ಎಚ್ ಒತ್ತಿದರೆ ಧ್ವನಿ ಟೈಪಿಂಗ್ ತೆರೆದುಕೊಳ್ಳುತ್ತದೆ. 1997ರಲ್ಲಿ ಡ್ರ್ಯಾಗನ್ ನ್ಯಾಚುರಲಿಸ್ಪೀಕಿಂಗ್ ಬರುವವರೆಗೆ ಇಂಥ ತಂತ್ರಾಂಶಗಳಿಗೆ ಒಂದೊಂದು ಪದಕ್ಕೂ ನಿಂತು ನಿಂತು ಹೇಳಬೇಕಿತ್ತು. ಈಗ ಸಹಜವಾಗಿ ಮಾತಾಡಿದರೆ ಸಾಕು. ಆದರೂ ಹೇಳಿ ಬರೆಸುವುದು ಬೇರೆಯದೇ ಒಂದು ವಿದ್ಯೆ, ಅದನ್ನು ಕಲಿಯಬೇಕು.

ತರಗತಿಯಲ್ಲಿ ಅರಳು ಹುರಿದಂತೆ ಮಾತಾಡುವ, ಪರೀಕ್ಷೆಯಲ್ಲಿ ಮೂರು ಸಾಲು ಬರೆದು ನಿಲ್ಲಿಸುವ ವಿದ್ಯಾರ್ಥಿಯೊಬ್ಬನಿದ್ದ. ಧ್ವನಿ ಟೈಪಿಂಗ್ ಅವನಿಗೆಂದೇ ಹುಟ್ಟಿದೆ ಎಂದು ನಾನು ನಂಬಿದ್ದೆ. ಮೈಕ್ ಮುಂದೆ ಕೂರಿಸಿದಾಗ ಅವನ ಬಾಯಿ ಕಟ್ಟಿಹೋಯಿತು. ಎರಡು ಪದ ಹೇಳುತ್ತಾನೆ, ಪರದೆಯ ಮೇಲೆ ಅವು ಮೂಡುವುದನ್ನು ನೋಡುತ್ತಾನೆ, ಒಂದು ತಪ್ಪು ಕಂಡು ಅದನ್ನು ತಿದ್ದಲು ಹೋಗುತ್ತಾನೆ, ಅಷ್ಟರಲ್ಲಿ ಮುಂದಿನ ಮಾತು ಮರೆತಿರುತ್ತದೆ. ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಪರದೆಯನ್ನು ಮುಚ್ಚಿಬಿಟ್ಟೆ. ಮೊಬೈಲಿನ ಧ್ವನಿಮುದ್ರಣ ಒತ್ತಿ, ಗ್ರಂಥಾಲಯದ ಹೊರಗಿನ ಪಡಸಾಲೆಯಲ್ಲಿ ನಡೆಯುತ್ತಾ ನನಗೆ ಪಾಠ ಹೇಳುವಂತೆ ಉತ್ತರ ಹೇಳು ಎಂದೆ. ಆರು ನಿಮಿಷ ನಿಲ್ಲದೆ ಹೇಳಿದ. ಆಮೇಲೆ ಕುಳಿತು, ತನ್ನದೇ ಧ್ವನಿಯನ್ನು ತುಸು ತುಸುವಾಗಿ ಕೇಳಿ, ಅದನ್ನು ಮೈಕ್‌ಗೆ ಮತ್ತೆ ಹೇಳಿದ. ಯೋಚಿಸುವುದು ಒಂದು ಸುತ್ತು, ಬರೆಸುವುದು ಇನ್ನೊಂದು ಸುತ್ತು, ತಿದ್ದುವುದು ಮೂರನೆಯದು. ಮೂರನ್ನೂ ಒಂದೇ ಉಸಿರಿನಲ್ಲಿ ಮಾಡು ಎಂದು ಅವನನ್ನು ಕೂರಿಸಿದ್ದು ನನ್ನ ತಪ್ಪು. ಅಂದಿನಿಂದ ಧ್ವನಿ ಟೈಪಿಂಗ್ ಕಲಿಸುವಾಗಲೆಲ್ಲ ಮೊದಲ ವಾರ ಪರದೆ ಮುಚ್ಚಿಸುತ್ತೇನೆ.

ಕನ್ನಡದಲ್ಲಿ ಬರೆಸುವವರು ಎರಡು ಸಂಗತಿಗಳಿಗೆ ಸಿದ್ಧರಾಗಿರಿ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಹೆಚ್ಚಾಗಿ ಆಮೇಲೆ ಕೈಯಿಂದ ಹಾಕಬೇಕಾಗುತ್ತದೆ. ಕೂಡಿಸಿ ಬರೆಯಬೇಕಾದ ಪದಗಳನ್ನು ಯಂತ್ರ ಬಿಡಿಸುತ್ತದೆ, ಬಿಡಿಸಬೇಕಾದದ್ದನ್ನು ಕೂಡಿಸುತ್ತದೆ. ಮನೆಯ ಮಾತಿನ ಧಾಟಿಯಲ್ಲಿ ಹೇಳಿದರೆ ತಪ್ಪು ಹೆಚ್ಚು, ಪದದ ಕೊನೆಯನ್ನು ನುಂಗದೆ ಪುಸ್ತಕ ಓದುವಂತೆ ಹೇಳಿದರೆ ಕಡಿಮೆ.

ಮಾತಾಡಲು ಜಾಗವಿಲ್ಲದ ಕಡೆ, ಅಥವಾ ತೊಡಕು ಕಾಗುಣಿತದಲ್ಲಿ ಮಾತ್ರ ಇದ್ದಾಗ, ಪದವನ್ನು ಮುಂದಾಗಿ ಸೂಚಿಸುವ ತಂತ್ರಾಂಶ ಒಳ್ಳೆಯದು. ಮೊದಲೆರಡು ಅಕ್ಷರ ಒತ್ತಿದರೆ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಓದಿ ಹೇಳುತ್ತದೆಯೇ, ನಿಮ್ಮ ವಿಷಯದ ಪದಗಳನ್ನು ಸೇರಿಸಲು ಬಿಡುತ್ತದೆಯೇ ಎಂದು ನೋಡಿ. ಓದಲು ಕಷ್ಟಪಡುವವರ ಮುಂದೆ ಓದಬೇಕಾದ ಇನ್ನೊಂದು ಪಟ್ಟಿ ಇಟ್ಟರೆ ಏನು ಬಂತು?

ಇಷ್ಟರಲ್ಲಿ ಒಂದನ್ನೇ ಕೊಡಿ ಎಂದರೆ ನಾನು ಕೊಡುವುದು ಬರೆದದ್ದನ್ನು ಓದಿಸಿ ಕೇಳುವ ಅಭ್ಯಾಸ. ಕಣ್ಣು ತಾನು ಬರೆಯಲು ಉದ್ದೇಶಿಸಿದ್ದನ್ನು ಓದುತ್ತದೆ, ಯಂತ್ರ ಇರುವುದನ್ನು ಓದುತ್ತದೆ. ಬಿಟ್ಟುಹೋದ ‘ಅಲ್ಲ’, ಎರಡು ಸಲ ಬಿದ್ದ ಪದ, ಕ್ರಿಯಾಪದ ಸಿಗದೆ ತೂಗುವ ವಾಕ್ಯ ಎಲ್ಲವೂ ಕಿವಿಗೆ ಬಡಿಯುತ್ತವೆ. ವರ್ಡ್‌ನಲ್ಲಿ ಇದಕ್ಕೆ ರೀಡ್ ಅಲೌಡ್ ಎಂಬ ಗುಂಡಿ ಇದೆ. ಆಧಾರ ಗ್ರಂಥಗಳ ಪಟ್ಟಿ ಮಾಡುವಾಗ ಅಕ್ಷರ ಅಂಕಿಗಳು ಅದಲುಬದಲಾಗುವವರು ಆ ಪಟ್ಟಿಯನ್ನು ತಾನೇ ಜೋಡಿಸಿಕೊಡುವ ಝೊಟೆರೊ ಹಾಕಿಕೊಳ್ಳಿ, ಅದೂ ಉಚಿತ.

ಗಣಿತ, ವಿಜ್ಞಾನ ಓದುವವರಿಗೆ ಬೇರೆ ಎಚ್ಚರಿಕೆ ಬೇಕು. ಚಿತ್ರವಾಗಿ ಅಂಟಿಸಿದ ಸೂತ್ರವನ್ನು ಯಾವ ಧ್ವನಿಯೂ ಸರಿಯಾಗಿ ಓದಲಾರದು. ವರ್ಡ್‌ನ ಸಮೀಕರಣ ಸಲಕರಣೆಯಲ್ಲೋ ಜಾಲಪುಟಗಳಲ್ಲಿ ಸೂತ್ರ ಬರೆಯಲು ಬಳಸುವ ಮ್ಯಾಥ್‌ಎಂಎಲ್‌ನಲ್ಲೋ ಬರೆದ ಸೂತ್ರ ಬೇಕೆಂದು ಅಧ್ಯಾಪಕರಿಗೆ ಸೆಮಿಸ್ಟರಿನ ಆರಂಭದಲ್ಲೇ ಹೇಳಿ. ಪಾಠದ ಟಿಪ್ಪಣಿಗೆ ಒನ್‌ನೋಟ್ ನೋಡಿ. ಧ್ವನಿ ಮುದ್ರಿಸುತ್ತಾ ಟಿಪ್ಪಣಿ ಟೈಪ್ ಮಾಡಿದರೆ, ಆಮೇಲೆ ಒಂದು ಸಾಲನ್ನು ಹಿಡಿದು ಆ ಹೊತ್ತಿನ ಮಾತಿಗೇ ಮರಳಬಹುದು. ಮುದ್ರಿಸುವ ಮೊದಲು ಅಧ್ಯಾಪಕರ ಒಪ್ಪಿಗೆ ಪಡೆಯಿರಿ.

ಹಣ ಕೊಡುವ ತಂತ್ರಾಂಶಗಳಲ್ಲಿ ರೀಡ್ ಆಂಡ್ ರೈಟ್, ಕರ್ಜ್‌ವೈಲ್ 3000, ಕ್ಲಾರೋರೀಡ್ ಹೆಸರಾದವು. ಓದುವುದು, ಗುರುತು ಹಾಕುವುದು, ಪದ ಸೂಚಿಸುವುದು, ಟಿಪ್ಪಣಿ ಒಟ್ಟುಮಾಡುವುದು ಎಲ್ಲವೂ ಒಂದೇ ಕಡೆ ಸಿಗುತ್ತದೆ. ಹತ್ತು ಕಡೆ ಓಡಾಡಿದರೆ ಗಮನ ಚದುರುವವರಿಗೆ ಅದು ನಿಜಕ್ಕೂ ದೊಡ್ಡ ಅನುಕೂಲ. ಕೊಳ್ಳುವ ಮೊದಲು ಕಾಲೇಜಿನ ಪರವಾನಗಿ ಇದೆಯೇ ಎಂದು ವಿಚಾರಿಸಿ, ಇದ್ದರೆ ಪದವಿ ಮುಗಿದ ಮೇಲೆ ಅದು ಏನಾಗುತ್ತದೆ ಎಂದೂ ಕೇಳಿ. ಪ್ರಾಯೋಗಿಕ ಅವಧಿಯನ್ನು ರಜೆಯಲ್ಲಿ ಆರಂಭಿಸಬೇಡಿ. ಪ್ರಬಂಧ ಒಪ್ಪಿಸಬೇಕಾದ ವಾರದಲ್ಲಿ, ನಿಮ್ಮದೇ ಲ್ಯಾಪ್‌ಟಾಪಿನಲ್ಲಿ, ನಿಮ್ಮದೇ ಕಡತಗಳ ಮೇಲೆ ಬಳಸಿ. ಅಂತರ್ಜಾಲ ಕಡಿದು ನೋಡಿ, ಎಷ್ಟು ಕೆಲಸ ಉಳಿಯುತ್ತದೆ? ನೀವು ಹಾಕಿದ ಗುರುತು, ಟಿಪ್ಪಣಿಗಳನ್ನು ವರ್ಡ್ ಕಡತವಾಗಿ ಹೊರತೆಗೆಯಲು ಬರುತ್ತದೆಯೇ? ಬಾರದಿದ್ದರೆ ಚಂದಾ ನಿಂತ ದಿನ ಮೂರು ವರ್ಷದ ಟಿಪ್ಪಣಿ ಅದರೊಳಗೇ ಉಳಿಯುತ್ತದೆ. ಅಂಥ ಒಬ್ಬ ವಿದ್ಯಾರ್ಥಿನಿಯ ಜೊತೆ ಕುಳಿತು ಪುಟ ಪುಟವಾಗಿ ನಕಲಿಸಿದ್ದೇನೆ.

ಪರೀಕ್ಷೆಯ ವಿಷಯವನ್ನು ಸೆಮಿಸ್ಟರಿನ ಮೊದಲ ತಿಂಗಳಲ್ಲೇ ಬರಹದಲ್ಲಿ ಕೇಳಿ. ಓದಿ ಹೇಳುವುದಕ್ಕೆ ಅನುಮತಿ ಕೊಟ್ಟು ಪದ ಸೂಚಿಸುವುದಕ್ಕೆ ಕೊಡದಿರಬಹುದು. ಭಾಷೆಯ ಪರೀಕ್ಷೆಯಲ್ಲಿ ಕಾಗುಣಿತ ತಿದ್ದುವುದನ್ನು ನಿಲ್ಲಿಸಿರಬಹುದು. ಮನೆಯಲ್ಲಿ ಒಂದು ಬಳಸಿ ಪರೀಕ್ಷೆಯ ಕೊಠಡಿಯಲ್ಲಿ ಇನ್ನೊಂದರ ಮುಂದೆ ಕುಳಿತರೆ ಮೊದಲ ಅರ್ಧ ಗಂಟೆ ಗುಂಡಿ ಹುಡುಕುವುದರಲ್ಲೇ ಹೋಗುತ್ತದೆ. ಅಲ್ಲಿ ಯಾವುದು ಸಿಗುತ್ತದೆಯೋ ಅದನ್ನೇ ಒಂದು ತಿಂಗಳ ಮೊದಲಿನಿಂದ ಬಳಸಿ.

ಪ್ರತಿಯೊಬ್ಬರಿಗೂ ಅರ್ಧ ಹಾಳೆಯಲ್ಲಿ ಇಷ್ಟನ್ನು ಬರೆದುಕೊಡುತ್ತೇನೆ: ಯಾವ ಬಗೆಯ ಕಡತಕ್ಕೆ ಯಾವ ಸಲಕರಣೆ, ಯಾವ ಧ್ವನಿ, ಯಾವ ವೇಗ. ಸೆಮಿಸ್ಟರಿನ ಕೊನೆಗೆ ಹಾಳೆ ಹಿಡಿದು ಮತ್ತೆ ಬರಬೇಕು. ಎರಡು ತಿಂಗಳಿಂದ ತೆರೆಯದೇ ಇರುವುದನ್ನು ಅಲ್ಲೇ ಹೊಡೆದುಹಾಕುತ್ತೇವೆ. ಚೀಟಿ ಹಿಡಿದು ಬಂದಿದ್ದ ಆ ಇತಿಹಾಸದ ಹುಡುಗಿಯ ಹಾಳೆಯಲ್ಲಿ ಈಗ ಮೂರೇ ಸಾಲಿವೆ. ಲೇಖನಕ್ಕೆ ಮೂರು ಸಾಲಿನ ಕಿಟಕಿ. ಸ್ಕ್ಯಾನ್ ಪುಟವಾದರೆ ಮೊದಲು ಓಸಿಆರ್. ಮೂರನೆಯದನ್ನು ಅವಳೇ ತನ್ನ ಕೈಬರಹದಲ್ಲಿ ಸೇರಿಸಿದ್ದಾಳೆ: ಒಪ್ಪಿಸುವ ಹಿಂದಿನ ರಾತ್ರಿ ಸಪ್ನಾ ಧ್ವನಿಯಲ್ಲಿ ಒಂದು ಸಲ, ಕಣ್ಣು ಮುಚ್ಚಿಕೊಂಡು.